ಒಂಬತ್ತನೆಯ ಕರೆ

ಜನವರಿ 12

ಬೆಳ್ಳಕ್ಕಿ ಬಳಗದ ಸಂಪಾದಕರಿಗೆ,

ನಮಸ್ಕಾರ. ನಾನು ನಿಮ್ಮ ಓದುಗರ ಬಳಗಕ್ಕೆ ಹೊಸಬಳು. ಕಟ್ಟುಹಲ್ಲು ಮಾಡುವುದು ನನ್ನ ಕಸುಬು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತೇನೆ. ಹೋದ ತಿಂಗಳು ಒಬ್ಬ ವೈದ್ಯೆ ಅಚ್ಚುಗಳ ಪೆಟ್ಟಿಗೆಯ ಜೊತೆ ‘ದೂರದ ಬೆಳ್ಳಕ್ಕಿ’ ಮಾಲೆಯ ಮೊದಲ ಮೂರು ಪುಸ್ತಕಗಳನ್ನು ಇಟ್ಟು ಕಳಿಸಿದರು. “ಓದು, ಆಮೇಲೆ ನನ್ನ ಜೊತೆ ಜಗಳಕ್ಕೆ ಬಾ” ಅಂದರು. ಓದಿದೆ. ಹನ್ನೊಂದು ದಿನ ಯಾರೋ ಒಬ್ಬ ಅಜ್ಜನ ಕೆಳದವಡೆ ನನ್ನ ಮೇಜಿನ ಮೇಲೆ ಬಾಯಿ ತೆರೆದುಕೊಂಡೇ ಕಾಯುತ್ತಿತ್ತು.

ಈಗ ನನ್ನ ಊಹೆ. ಬೆಳ್ಳಕ್ಕಿ ಎಂಬ ಆಕಾಶನೌಕೆ ಏಳು ಜನರ ಸಮೇತ ಕಾಣೆಯಾಗುತ್ತದೆ. ಕಾವಲು ನಿಲ್ದಾಣದ ದಾಖಲೆಯಲ್ಲಿ ನೌಕೆಯಿಂದ ಬಂದ ಎಂಟು ಕರೆಗಳಿವೆ. ಆದರೆ ಮೊದಲ ಪುಸ್ತಕದ ಕೊನೆಯಲ್ಲಿ ಆ ನಿಲ್ದಾಣದ ಕಾವಲುಗಾರ ಗೋಡೆಗೆ ಮುಖ ಮಾಡಿ “ಒಂಬತ್ತು ಬಂದಿತ್ತು” ಅನ್ನುತ್ತಾನೆ. ಒಂಬತ್ತನೆಯ ಕರೆಯಲ್ಲಿ ಏನಿತ್ತು ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾರೆ. ನಾನು ಬೇರೆಯದನ್ನು ಗಮನಿಸಿದೆ. ಮೂರು ಪುಸ್ತಕಗಳಲ್ಲಿ ಆ ಮನುಷ್ಯ ಒಮ್ಮೆಯೂ ಕುರ್ಚಿಯಲ್ಲಿ ಕೂರುವುದಿಲ್ಲ. ಉಣ್ಣುವುದೂ ನಿಂತೇ. ಆದ್ದರಿಂದ ಅವನು ಮನುಷ್ಯನೇ ಅಲ್ಲ, ಮಂಡಿ ಜೋಡಿಸಲು ಮರೆತುಹೋದ ಯಂತ್ರ. ಹೇಗಿದೆ?

ಇತಿ,
ಹಲ್ಲಿನವಳು

ಜನವರಿ 20

ಪ್ರಿಯ ಹಲ್ಲಿನವಳೇ,

ಬಳಗಕ್ಕೆ ಸ್ವಾಗತ. ನಾನು ಒಂದು ವಾಚನಾಲಯದಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಹಾಕುವವಳು. ಬಳಗದವರು ನನ್ನನ್ನು ಗೋಂದಕ್ಕ ಅನ್ನುತ್ತಾರೆ. ಇಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಬರೆಯುವುದಿಲ್ಲ. ಲೇಖಕರೂ ಗುಪ್ತನಾಮದಲ್ಲೇ ಬರೆದವರು, ನಾವೂ ಹಾಗೇ. ಅವರು ತೀರಿಕೊಂಡು ಎರಡು ವರ್ಷವಾಯಿತು. ಒಂಬತ್ತು ಪುಸ್ತಕ ಬರೆದರು, ಉತ್ತರ ಮಾತ್ರ ಹೇಳದೆ ಹೋದರು.

ಕುರ್ಚಿಯ ವಿಷಯ ಹದಿನಾರು ವರ್ಷಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಂಡಿಯಿಲ್ಲದ ಯಂತ್ರವನ್ನು ಈ ತಿಂಗಳ ಪತ್ರಿಕೆಯಲ್ಲಿ ಹಾಕುತ್ತೇನೆ. ಬೈಗುಳಕ್ಕೆ ಸಿದ್ಧರಾಗಿ. ನಮ್ಮಲ್ಲಿ ಒಬ್ಬ ನಿವೃತ್ತ ಎಂಜಿನಿಯರ್ ಇದ್ದಾರೆ, ಎಲ್ಲಕ್ಕೂ ಪಂಪು, ಕೊಳವೆ ಅಂತ ಕಾರಣ ಕೊಡುತ್ತಾರೆ. ಅವಳಿ ಅಕ್ಕತಂಗಿಯರಿದ್ದಾರೆ, ಅವರ ಪ್ರಕಾರ ನೌಕೆ ಇನ್ನೂ ಹುಟ್ಟೇ ಇಲ್ಲ. ಅನುಮಾನಿ ಅಂತ ಒಬ್ಬರು, ಎಲ್ಲವೂ ಅಚ್ಚಿನ ತಪ್ಪು ಅಂತಾರೆ.

ನೀವು ಇನ್ನೂ ನಾಲ್ಕನೆಯದನ್ನು ಓದಿಲ್ಲ. ಅದರಲ್ಲಿ ಒಂದು ಕತ್ತೆಮರಿ ಸಿಗುತ್ತದೆ. ಕತ್ತೆಯೇ ಇಲ್ಲದ ಲೋಕದಲ್ಲಿ ಕತ್ತೆಮರಿ ಎಲ್ಲಿಂದ ಬಂತು ಅಂತ ನಾವು ಹತ್ತು ವರ್ಷ ಕಿತ್ತಾಡಿದ್ದೇವೆ. ಓದಿ ಬರೆಯಿರಿ.

ಗೋಂದಕ್ಕ

ಫೆಬ್ರವರಿ 3

ಗೋಂದಕ್ಕ,

ನಿನ್ನೆ ಮಧ್ಯಾಹ್ನ ನಾಲ್ಕನೆಯ ಪುಸ್ತಕದ ನೂರ ಹದಿನಾಲ್ಕನೆಯ ಪುಟಕ್ಕೆ ಬಂದೆ. ಕೈಯಲ್ಲಿದ್ದ ಮೇಣದ ಚಾಕು ಎಲ್ಲಿ ಬಿತ್ತೋ ಇನ್ನೂ ಸಿಕ್ಕಿಲ್ಲ. ಕಾವಲುಗಾರ ಜ್ವರದಲ್ಲಿ ಬಡಬಡಿಸುತ್ತಾನೆ: “ನೀರು ಕಾಯಿಸಿಡೋಕೆ ಹೇಳಿ. ಕತ್ತೆಮರಿ ಬರ್ತಾ ಇದೆ.”

ಇದು ನನ್ನ ಅಪ್ಪನ ಮಾತು.

ತಮಾಷೆ ಮಾಡುತ್ತಿಲ್ಲ. ನನ್ನ ಅಪ್ಪ ಮೀನುದೋಣಿ ನಡೆಸುತ್ತಿದ್ದವರು, ಆರು ಜನರ ತಂಡಕ್ಕೆ ಮುಖ್ಯಸ್ಥರು. ಮದುವೆಯಾದ ಹೊಸದರಲ್ಲಿ ಅಪ್ಪ ಒದ್ದೆ ಬಲೆಯ ಹೊರೆಯನ್ನು ಒಂದು ಮಾತೂ ಆಡದೆ ಮೂರು ಮಹಡಿ ಹೊತ್ತು ತಂದದ್ದನ್ನು ನೋಡಿ ಅಮ್ಮ “ಕತ್ತೆಮರಿ” ಅಂದಿದ್ದಳಂತೆ. ಅದೇ ಉಳಿಯಿತು. ದೋಣಿ ಬಂದರಿನ ಕಡೆ ತಿರುಗಿದಾಗ ಅಪ್ಪ ವೈರ್‌ಲೆಸ್‌ನಲ್ಲಿ ದಡದ ನಿಲ್ದಾಣಕ್ಕೆ ಈ ಮಾತು ಹೇಳುತ್ತಿದ್ದರು. ನಿಲ್ದಾಣದವರು ನಮ್ಮ ಕೆಳಗಿನ ಅಂಗಡಿಗೆ ಫೋನ್ ಮಾಡುತ್ತಿದ್ದರು. ಅಂಗಡಿಯಾಕೆ ಮೆಟ್ಟಿಲ ಕೆಳಗಿನಿಂದ ಕೂಗುತ್ತಿದ್ದಳು. ಅಮ್ಮ ಸ್ನಾನಕ್ಕೆ ನೀರಿಡುತ್ತಿದ್ದಳು.

ಮೂವತ್ತೊಂದು ವರ್ಷದ ಹಿಂದೆ ಒಂದು ದಿನ ಆ ಕೂಗು ಬರಲಿಲ್ಲ. ಅಪ್ಪನೂ ಆ ಆರು ಜನರೂ ಬರಲಿಲ್ಲ. ನನಗಾಗ ಒಂಬತ್ತು ವರ್ಷ.

ಆ ಪುಸ್ತಕ ಬರೆದವರು ಯಾರು? ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ. ಅಮ್ಮ ನನ್ನ ಜೊತೆಯೇ ಇದ್ದಾಳೆ, ಎಪ್ಪತ್ತನಾಲ್ಕು ವರ್ಷ. ಅವಳಿಗೆ ಪುಸ್ತಕ ತೋರಿಸಿಲ್ಲ.

ಹಲ್ಲಿನವಳು

ಫೆಬ್ರವರಿ 21

ಹಲ್ಲಿನವಳಿಗೆ,

ನಿಮ್ಮ ತಂದೆಯವರ ವಿಷಯ ಓದಿ ಬೇಸರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ, ವಾಚನಾಲಯದಲ್ಲಿ ಕೆಲಸ ಹೆಚ್ಚಿತ್ತು.

ಬಂದರಿನ ಮಾತು ಬಂದರಿನಲ್ಲೇ ನಿಲ್ಲುವುದಿಲ್ಲ ಅಲ್ಲವೇ? ಅಂಗಡಿಯಾಕೆ ಮೆಟ್ಟಿಲಲ್ಲಿ ಕೂಗಿದ ಮಾತು ಹತ್ತು ಕಿವಿಗೆ ಬಿದ್ದಿರುತ್ತದೆ. ಅದು ಹೇಗೋ ಲೇಖಕರಿಗೂ ತಲುಪಿರಬಹುದು. ಬರೆಯುವವರು ಕೇಳಿದ ಚೆಂದದ ಮಾತನ್ನು ಬಿಡುವುದಿಲ್ಲ. ಇದರಲ್ಲಿ ಇದಕ್ಕಿಂತ ಹೆಚ್ಚೇನೂ ಇರಲಾರದು. ಅವರ ಹೆಸರು ಹೇಳುವ ಹಕ್ಕು ನನಗಿಲ್ಲ. ಬಳಗದ ನಿಯಮ ಎಲ್ಲರಿಗೂ ಒಂದೇ.

ಐದನೆಯ ಪುಸ್ತಕದಲ್ಲಿ ನಿಮಗಿಷ್ಟವಾಗುವ ಒಂದು ಹಿಮದ ಗ್ರಹವಿದೆ.

ಗೋಂದಕ್ಕ

ಮಾರ್ಚ್ 2

ಗೋಂದಕ್ಕನವರೇ,

ನನಗೆ ಹಿಮದ ಗ್ರಹ ಬೇಡ.

ಅಮ್ಮ ಬಿಸಿಲಿಗೆ ಕೂರಲು ಹೊರಗೆ ಹೋಗಿದ್ದಾಗ ಅವಳ ಪೆಟ್ಟಿಗೆ ತೆರೆದೆ. ಅಂದಿನ ವಿಚಾರಣೆಯ ವರದಿ ಅದರಲ್ಲಿದೆ, ಹದಿನಾಲ್ಕು ಪುಟ. ನಾನು ಈವರೆಗೆ ಓದಿರಲಿಲ್ಲ. ಆರನೆಯ ಪುಟದಲ್ಲಿ ಅಪ್ಪನ ದೋಣಿಯಿಂದ ಅಂದು ಬಂದ ಕರೆಗಳ ಪಟ್ಟಿ ಇದೆ. ಎಷ್ಟು ಅಂತ ಕೇಳಿ. ಎಂಟು. ಎಂಟನೆಯದು ಮಧ್ಯಾಹ್ನ ಎರಡು ಹತ್ತಕ್ಕೆ. “ಅನಂತರ ಯಾವ ಕರೆಯೂ ಬರಲಿಲ್ಲ. ಅಪಾಯದ ಸೂಚನೆ ನೀಡುವ ಕರ್ತವ್ಯದಲ್ಲಿ ದೋಣಿಯ ಮುಖ್ಯಸ್ಥನು ವಿಫಲನಾದನು” ಅಂತ ಬರೆದಿದ್ದಾರೆ.

ಆ ಒಂದು ಸಾಲಿನಿಂದ ನಮ್ಮ ಬದುಕು ಏನಾಯಿತು ಅಂತ ನಿಮಗೆ ಗೊತ್ತಾಗಬೇಕು. ಮಾರನೆಯ ದಿನ ಇಬ್ಬರ ದೇಹ ಸಿಕ್ಕಿತು. ಇಬ್ಬರೂ ಲೈಫ್ ಜಾಕೆಟ್ ತೊಟ್ಟಿದ್ದರು. ಅಂದರೆ ಗಂಟೆಗಟ್ಟಲೆ ತೇಲಿದ್ದರು. ದೋಣಿಯ ಎಂಜಿನ್ ನೋಡಿಕೊಳ್ಳುತ್ತಿದ್ದವನು ಅವರಲ್ಲಿ ಒಬ್ಬ. ಅವನ ಹೆಂಡತಿ ನಮ್ಮ ಪಕ್ಕದ ಮನೆಯವಳು, ಅಮ್ಮನಿಗೆ ತಂಗಿಯ ಹಾಗಿದ್ದವಳು. ಮೆಟ್ಟಿಲಲ್ಲಿ ಅಮ್ಮನನ್ನು ನಿಲ್ಲಿಸಿ ಕೇಳಿದಳು: “ಒಂದು ಮಾತು ಹೇಳೋಕೆ ನಿನ್ ಗಂಡಂಗೆ ಬಾಯಿರಲಿಲ್ವಾ? ಹೆಂಡ್ತಿಗೆ ನೀರು ಕಾಯ್ಸು ಅನ್ನೋಕೆ ಮಾತ್ರ ಬಾಯಿತ್ತಾ?” ನಾನು ಅಮ್ಮನ ಸೆರಗು ಹಿಡಿದು ನಿಂತಿದ್ದೆ. ಆರೂ ಮನೆಯವರು ನಮ್ಮ ಜೊತೆ ಮಾತು ಬಿಟ್ಟರು. ಅದೇ ತಿಂಗಳು ನಾವು ಆ ಊರು ಬಿಟ್ಟೆವು.

ಎಂಟು ಕರೆ. ಏಳು ಜನ. ದಾಖಲೆಯಲ್ಲಿ ಇಲ್ಲದ ಒಂಬತ್ತನೆಯದು. ಇದು ಚೆಂದದ ಮಾತನ್ನು ಎತ್ತಿಕೊಂಡದ್ದಲ್ಲ. ನಿಮ್ಮ ಲೇಖಕರು ಆ ನಿಲ್ದಾಣದಲ್ಲಿ ಕೆಲಸ ಮಾಡಿದ್ದರೇ? ಹೌದು ಅಥವಾ ಇಲ್ಲ, ಒಂದು ಪದ ಸಾಕು.

ಹಲ್ಲಿನವಳು

ಏಪ್ರಿಲ್ 19

ಗೋಂದಕ್ಕನವರೇ,

ಏಳು ವಾರವಾಯಿತು. ಪತ್ರಿಕೆಯೂ ಬರಲಿಲ್ಲ. ನಿಮಗೆ ಆರೋಗ್ಯ ಸರಿಯಿಲ್ಲವೇ, ಅಥವಾ ನನ್ನಿಂದ ತಪ್ಪಿಸಿಕೊಳ್ಳುತ್ತಿದ್ದೀರೇ? ಎರಡನೆಯದಾದರೆ ನಾನೇ ಬಸ್ಸು ಹತ್ತಿ ನಿಮ್ಮ ವಾಚನಾಲಯಕ್ಕೆ ಬರುತ್ತೇನೆ. ವಿಳಾಸ ಪತ್ರಿಕೆಯ ಹಿಂಭಾಗದಲ್ಲೇ ಇದೆ.

ಹಲ್ಲಿನವಳು

ಮೇ 5

ಹಲ್ಲಿನವಳಿಗೆ,

ಹೌದು. ಅವರು ಆ ನಿಲ್ದಾಣದಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದರು. ಆರು ವರ್ಷ. ಅವರು ನನ್ನ ಗಂಡ.

ಫೆಬ್ರವರಿಯಲ್ಲಿ ನಿಮಗೆ ಬರೆಯುವಾಗ ಇಷ್ಟು ನನಗೆ ಗೊತ್ತಿತ್ತು, ಮುಚ್ಚಿಟ್ಟೆ. ಯಾರದೋ ಮನೆಯ ಮಾತನ್ನು ಕೇಳದೆ ಬಳಸಿಕೊಂಡಿದ್ದಾರೆ, ಸತ್ತವರ ಮಾನ ಯಾಕೆ ಕಳೆಯಲಿ ಅಂದುಕೊಂಡೆ. ದೋಣಿ ಮುಳುಗಿದ್ದು ಊರಿಗೆಲ್ಲ ಗೊತ್ತಿದ್ದಷ್ಟೇ ನನಗೂ ಗೊತ್ತಿತ್ತು, ಉಳಿದದ್ದು ಯಾವುದೂ ಗೊತ್ತಿರಲಿಲ್ಲ. ಅದನ್ನು ನೀವು ನಂಬಲೇಬೇಕು ಅಂತ ಕೇಳುವ ಮುಖ ನನಗಿಲ್ಲ.

ಅವರ ಎಲ್ಲ ಹಸ್ತಪ್ರತಿಗಳಿಗೆ ರಟ್ಟು ಹಾಕಿದವಳು ನಾನೇ. ಒಂಬತ್ತನೆಯದನ್ನು ಕಟ್ಟುವಾಗ ಒಂದು ಮಡಿಸಿದ ಹಾಳೆ ಕೊಟ್ಟು, “ಇದನ್ನ ರಟ್ಟಿನೊಳಗೆ ಅಂಟಿಸಿಬಿಡು. ಓದ್ಬೇಡ” ಅಂದರು. ಅದು ಒಂಬತ್ತನೆಯ ಕರೆಯ ಉತ್ತರ, ಹೆಂಡತಿಗೂ ಹೇಳದೆ ಆಟವಾಡಿಸುತ್ತಿದ್ದಾರೆ ಅಂತ ನಾನು ನಕ್ಕು ಅಂಟಿಸಿದೆ. ಬಳಗಕ್ಕೆ ಒಂದೊಂದು ಊಹೆ ಬಂದಾಗಲೂ ಕಪಾಟಿನ ಕಡೆ ನೋಡಿ ಒಳಗೊಳಗೇ ನಗುತ್ತಿದ್ದೆ.

ನಿಮ್ಮ ಮಾರ್ಚ್ ತಿಂಗಳ ಪತ್ರ ಬಂದ ಮೇಲೆ ಹದಿನೈದು ದಿನ ಆ ಪುಸ್ತಕ ಮುಟ್ಟಲಿಲ್ಲ. ಆಮೇಲೆ ಒಂದು ಬೆಳಗ್ಗೆ ವಾಚನಾಲಯಕ್ಕೆ ತಂದು, ಕೆಲಸದ ಮೇಜಿನ ಮೇಲಿಟ್ಟು, ರಟ್ಟಿನ ಅಂಚು ಕುಯ್ದೆ. ಅದು ಕತೆಯ ಹಾಳೆಯಲ್ಲ. ಇದ್ದದ್ದು ಇದ್ದ ಹಾಗೆ ಕೆಳಗೆ ನಕಲು ಮಾಡಿದ್ದೇನೆ. ನೀವು ಕೂತು ಓದಿ.

“2.20, ಕುರ್ಚಿ ಬಿಟ್ಟೆ. 2.48, ಕರೆ. ಟೇಪಿನಲ್ಲಿ ಇದ್ದದ್ದು: ‘ಬಂದರು, ಬಂದರು. ಎಂಜಿನ್ ಕೋಣೆಗೆ ನೀರು ನುಗ್ತಾ ಇದೆ. ದೀಪಸ್ತಂಭದಿಂದ ಒಂಬತ್ತು ಮೈಲಿ ಹೊರಗಿದೀವಿ. ಎಲ್ಲರಿಗೂ ಜಾಕೆಟ್ ಹಾಕ್ಸಿದೀನಿ. ದೋಣಿ ಕಳ್ಸಿ.’ ಇದೇ ಮೂರು ಸಲ. ನಾಲ್ಕನೇ ಸಲ: ‘ಯಾರಾದ್ರೂ ಇದೀರಾ?’ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ: ‘ನೀರು ಇಳಿಸಿಬಿಡೋಕೆ ಹೇಳಿ. ಕತ್ತೆಮರಿ ಬರಲ್ಲ.’ 3.25, ವಾಪಸು ಬಂದೆ. ಟೇಪು ಕೇಳಿದೆ. ಕರೆದೆ, ಉತ್ತರವಿಲ್ಲ. 5.00, ರಕ್ಷಣಾ ದೋಣಿ ಕಳಿಸಿದೆ. ಟೇಪು ಅಳಿಸಿದೆ.”

ಇಷ್ಟೇ ಇರುವುದು.

ಅವರು ಕುರ್ಚಿ ಬಿಟ್ಟದ್ದು ಯಾಕೆಂದರೆ ನಾನು ಹೇಳಿಕಳಿಸಿದೆ. ನಮ್ಮ ಮಗುವಿಗೆ ಆಗ ಒಂದು ವರ್ಷ ಎರಡು ತಿಂಗಳು. ಜ್ವರ ಏರಿ ಕಣ್ಣು ಮೇಲಕ್ಕೆ ತಿರುಗಿ ಸೆಟೆದುಕೊಂಡುಬಿಟ್ಟಿತ್ತು. ಪಕ್ಕದ ಮನೆಯವರನ್ನು ನಿಲ್ದಾಣಕ್ಕೆ ಓಡಿಸಿದೆ. ಗಂಡ ಬಂದರು, ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. “ಅಲ್ಲಿ ಯಾರಿದಾರೆ?” ಅಂತ ನಾನು ಕೇಳಿದ್ದು ನೆನಪಿದೆ. “ಬೇರೆಯವರನ್ನ ಕೂರಿಸಿ ಬಂದಿದೀನಿ” ಅಂದರು. ಮೂವತ್ತೊಂದು ವರ್ಷ ನಾನು ಆ ಮಾತನ್ನು ನಂಬಿಕೊಂಡಿದ್ದೆ.

ಏಪ್ರಿಲ್‌ನಲ್ಲಿ ಆ ಊರಿಗೆ ಹೋಗಿ ಅವರ ಸಹಾಯಕನಾಗಿದ್ದವನನ್ನು ಹುಡುಕಿದೆ. ಈಗ ಮುದುಕ, ಕಿವಿ ಮಂದ. ಎರಡು ಸಲ ಕೇಳಬೇಕಾಯಿತು. “ಅವತ್ತು ನಾನು ರಜ ಹಾಕಿದ್ದೆ. ಬದಲಿಗೆ ಯಾರೂ ಇರ್ಲಿಲ್ಲ ಕಣಮ್ಮ. ಕುರ್ಚಿ ಬಿಟ್ಟು ಎದ್ದೇ ಇಲ್ಲ ಅಂತ ನಿಮ್ ಯಜಮಾನ ವಿಚಾರಣೇಲಿ ಹೇಳ್ದ. ನೀವು ಮಗು ಎತ್ಕೊಂಡು ಓಡಿದ್ದನ್ನ ಅರ್ಧ ಬೀದಿ ನೋಡಿತ್ತು. ಯಾರೂ ಬಾಯಿ ಬಿಡ್ಲಿಲ್ಲ. ನಾನೂ ಬಿಡ್ಲಿಲ್ಲ.”

ನೀವು ಮೊದಲ ಪತ್ರದಲ್ಲೇ ಹೇಳಿದ್ದಿರಿ, ಆ ಮನುಷ್ಯ ಕುರ್ಚಿಯಲ್ಲಿ ಕೂರುವುದಿಲ್ಲ ಅಂತ. ನಮ್ಮ ಮನೆಯಲ್ಲೂ ಅವರು ಊಟ ನಿಂತೇ ಮಾಡುತ್ತಿದ್ದರು. ಬೆನ್ನುನೋವು ಅನ್ನುತ್ತಿದ್ದರು.

ಗೋಂದಕ್ಕ

ಜುಲೈ 11

ನೀವು ನಗುತ್ತಿದ್ದಿರಿ.

ನಿಮ್ಮ ಪತ್ರದಲ್ಲಿ ನನಗೆ ಅದೊಂದೇ ಪದ ಕಾಣುತ್ತಿದೆ. ನನ್ನ ಅಪ್ಪ “ಯಾರಾದ್ರೂ ಇದೀರಾ” ಅಂತ ಕೇಳಿದ ಹಾಳೆ ನಿಮ್ಮ ಕಪಾಟಿನಲ್ಲಿತ್ತು, ನೀವು ಅದನ್ನು ನೋಡಿ ನಗುತ್ತಿದ್ದಿರಿ. ಗಂಡನ ಜೊತೆ ಅಷ್ಟು ವರ್ಷ ಸಂಸಾರ ಮಾಡಿ ಏನೂ ಗೊತ್ತಿರಲಿಲ್ಲ ಅನ್ನುವುದನ್ನು ನಾನು ನಂಬುವುದಿಲ್ಲ. ನನಗೆ ಕತ್ತೆಮರಿಯ ಆಸೆ ತೋರಿಸಿ ನಾಲ್ಕನೆಯ ಪುಸ್ತಕ ಓದಿಸಿದವರು ನೀವೇ.

ಎರಡು ತಿಂಗಳು ಈ ಪತ್ರವನ್ನು ಬರೆದು ಹರಿದಿದ್ದೇನೆ. ಕೆಲಸ ಕೆಟ್ಟಿದೆ. ಒಬ್ಬರ ಮೇಲ್ದವಡೆಗೆ ಇನ್ನೊಬ್ಬರ ಕೆಳದವಡೆ ಜೋಡಿಸಿ ಕಳಿಸಿದೆ. ವೈದ್ಯೆ ಫೋನ್ ಮಾಡಿ “ಏನಾಗಿದೆ ನಿನಗೆ?” ಅಂದರು. ಏನಂತ ಹೇಳಲಿ?

ಅವರು ಮಗುವಿಗಾಗಿ ಕುರ್ಚಿ ಬಿಟ್ಟರು. ಸರಿ. ನಾನಾಗಿದ್ದರೂ ಬಿಡುತ್ತಿದ್ದೆನೇನೋ. ಆದರೆ 3.25ಕ್ಕೆ ಟೇಪು ಕೇಳಿದವರು ಐದು ಗಂಟೆಗೆ ದೋಣಿ ಕಳಿಸಿದರು. ಎಂಜಿನ್‌ನವನು ಇನ್ನೂ ತೇಲುತ್ತಿದ್ದ. ಬಹುಶಃ ಅಪ್ಪನೂ. ಆ ತೊಂಬತ್ತೈದು ನಿಮಿಷ ಯಾರಿಗಾಗಿ? ಮಗು ಆಗ ಆಸ್ಪತ್ರೆಯಲ್ಲಿತ್ತಲ್ಲ.

ಆಮೇಲೆ ಒಂಬತ್ತು ಪುಸ್ತಕ ಬರೆದರು. ಅಷ್ಟು ಕಾಗದದಲ್ಲಿ ನನ್ನ ಅಮ್ಮನಿಗೆ ಒಂದು ಪುಟ ಬರೆಯಲು ಅವರ ಕೈ ಏಳಲಿಲ್ಲ.

ಅಮ್ಮನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅವಳ ಕಿವಿಗೆ ಆ ಕೊನೆಯ ಮಾತು ಬೀಳಬಾರದು. ನನಗೆ ಇನ್ನು ಬರೆಯಬೇಡಿ.

ಜುಲೈ 24

ಹಲ್ಲಿನವಳಿಗೆ,

ಬರೆಯಬೇಡಿ ಅಂದಿರಿ. ಆದರೂ ಈ ಒಂದು ಪತ್ರ ಬರೆಯಲೇಬೇಕಾಗಿದೆ, ನಿಮ್ಮ ಮನೆಗೆ ಒಂದು ಸುದ್ದಿ ಬರಲಿದೆ.

ನಗುತ್ತಿದ್ದೆ, ಅದು ನಿಜ. ಆ ತೊಂಬತ್ತೈದು ನಿಮಿಷದ ಲೆಕ್ಕ ನಾನೂ ಹಾಕಿದೆ. ಹೆದರಿದರು ಅನ್ನಬಹುದು. ಅದು ಉತ್ತರವಲ್ಲ ಅಂತ ನನಗೂ ಗೊತ್ತು.

ಜೂನ್ ಮೊದಲ ವಾರ ಬಂದರಿನ ಕಚೇರಿಗೆ ಹೋಗಿ ಆ ಹಾಳೆ ಕೊಟ್ಟು, ನನ್ನ ಹೇಳಿಕೆ ಬರೆಸಿದೆ. ಈಗಿನ ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಓದಿ ಮುಗಿಸಿ, ಕನ್ನಡಕ ತೆಗೆದು, “ಇದನ್ನ ನೀವ್ಯಾಕೆ ತಂದ್ರಿ? ಸುಟ್ಟಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ” ಅಂದಳು. ಗದರಿದ್ದಲ್ಲ, ನಿಜವಾಗಿ ಕೇಳಿದಳು. ಸಹಿ ಎಲ್ಲಿ ಹಾಕಬೇಕು ಅಂದೆ. ಸಹಾಯಕನಾಗಿದ್ದವನೂ ಮಾರನೆಯ ದಿನ ಕೋಲೂರಿಕೊಂಡು ಬಂದು ಸಹಿ ಹಾಕಿದ. ಹಳೆಯ ವರದಿಯ ಆ ಸಾಲನ್ನು ತೆಗೆದುಹಾಕುತ್ತಾರಂತೆ. ಏಳೂ ಮನೆಗಳಿಗೆ ಪತ್ರ ಬರುತ್ತದೆ. ನಿಮ್ಮ ತಾಯಿಗೆ ಅಧಿಕಾರಿಯೇ ಬಂದು ಓದಿ ಹೇಳುವುದಾಗಿ ಒಪ್ಪಿದ್ದಾಳೆ. ಅದಕ್ಕೆ ಮೊದಲು ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಬಳಗದ ಪತ್ರಿಕೆಯ ಕೊನೆಯ ಸಂಚಿಕೆ ಹೊರತಂದೆ. ಅದರಲ್ಲಿ ಆ ಹಾಳೆಯನ್ನೂ ನಾನು ಯಾರೆಂಬುದನ್ನೂ ಅಚ್ಚು ಹಾಕಿದೆ. ನಿಮ್ಮ ಅಮ್ಮನಿಗೆ ಸೇರಿದ ಆ ಕೊನೆಯ ಮಾತನ್ನು ಮಾತ್ರ ಹಾಕಲಿಲ್ಲ. ಎಂಜಿನಿಯರ್ ಒಂಬತ್ತೂ ಪುಸ್ತಕಗಳನ್ನು ಪಾರ್ಸೆಲ್ ಕಟ್ಟಿ ನನಗೆ ವಾಪಸು ಕಳಿಸಿದರು, ಚೀಟಿ ಕೂಡ ಇರಲಿಲ್ಲ. ಅವಳಿಯರಲ್ಲಿ ಒಬ್ಬಳು, “ನಮ್ಮ ಊಹೆಯೇ ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು” ಅಂತ ಬರೆದಳು. ಅನುಮಾನಿ, ಇದೂ ಅಚ್ಚಿನ ತಪ್ಪೇ ಇರಬೇಕು, ದಯವಿಟ್ಟು ಇನ್ನೊಮ್ಮೆ ನೋಡಿ ಅಂತ ಬೇಡಿಕೊಂಡಿದ್ದಾರೆ.

ಗೋಂದಕ್ಕ

ಆಗಸ್ಟ್ 30

ಗೋಂದಕ್ಕನವರಿಗೆ,

ಅಧಿಕಾರಿ ಬಂದಿದ್ದಳು. ಆಗಸ್ಟ್ ಒಂಬತ್ತರ ಬೆಳಗ್ಗೆ ಹತ್ತೂವರೆಗೆ. ನಾನು ಅಮ್ಮನಿಗೆ ಮೊದಲೇ ಹೇಳಿರಲಿಲ್ಲ. ಬಾಗಿಲಲ್ಲೇ ತಡೆದು ವಾಪಸು ಕಳಿಸಿಬಿಡೋಣ ಅಂದುಕೊಂಡಿದ್ದೆ. ಅಮ್ಮ ಒಳಗಿನಿಂದ “ಯಾರೇ ಅದು?” ಅಂದಳು. ಅಲ್ಲಿಗೆ ನನ್ನ ಕೈ ಮೀರಿತು.

ಅಮ್ಮ ಮಂಚದ ಮೇಲೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅಧಿಕಾರಿ ಓದಿದಳು, ಪೂರ್ತಿ, ಕೊನೆಯ ಮಾತನ್ನೂ ಬಿಡದೆ. ಅಮ್ಮನ ಕೈಯಲ್ಲಿ ಒಂದು ದಿಂಬಿನ ಚೀಲವಿತ್ತು. ಅದು ಹಾಗೇ ನಿಂತಿತು.

“ಇನ್ನೊಂದ್ಸಲ ಓದಮ್ಮ” ಅಂದಳು. ಓದಿದಳು.

“ಮೂರು ಸಲ ಕರೆದ್ರಾ?”

“ನಾಲ್ಕು ಸಲ.”

“ಎಲ್ಲರಿಗೂ ಜಾಕೆಟ್ ಹಾಕ್ಸಿದ್ರಾ?”

“ಹಾಗಂತ ಇದೆ.”

ಅಮ್ಮ ಅಳಲಿಲ್ಲ. ಅಧಿಕಾರಿ ಹೋದ ಮೇಲೆ ನನ್ನ ಕಡೆ ತಿರುಗಿ, “ನಿನಗೆ ಮೊದಲೇ ಗೊತ್ತಿತ್ತಾ?” ಅಂದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮೇ ತಿಂಗಳಿಂದ ಗೊತ್ತು ಅಂದೆ. “ಅವನು ಸಾಯೋವರೆಗೂ ಇಟ್ಕೊಂಡ. ನೀನು ಮೂರು ತಿಂಗಳು ಇಟ್ಕೊಂಡೆ” ಅಂದಳು. ಅಷ್ಟೇ. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ನಿಮ್ಮ ಗಂಡನಿಗೆ ನಾನು ಮನಸ್ಸಿನಲ್ಲೇ ಎಷ್ಟು ಶಾಪ ಹಾಕಿದ್ದೆನೋ, ಅದೆಲ್ಲ ಆ ನಾಲ್ಕು ದಿನ ನನ್ನ ಕಡೆಗೇ ತಿರುಗಿ ನಿಂತಿತ್ತು.

ಹತ್ತು ದಿನದ ಮೇಲೆ ಎಂಜಿನ್‌ನವನ ಹೆಂಡತಿ ಬಂದಳು. ಬೆಳಗಿನ ಬಸ್ಸಿಗೆ, ಒಬ್ಬಳೇ. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದಳು. ಉಸಿರು ಕಟ್ಟಿ ಮಾತೇ ಹೊರಡಲಿಲ್ಲ. ಅಮ್ಮ “ಮೊದ್ಲು ಕೂತ್ಕೊ” ಅಂದಳು, ನನ್ನನ್ನು ಬಾಲ್ಕನಿಗೆ ಅಟ್ಟಿದಳು. ಗಾಜಿನ ಬಾಗಿಲ ಆಚೆ ಇಬ್ಬರೂ ಮೇಜಿನ ಎರಡು ಕಡೆ ಕೂತಿದ್ದರು. ಏನು ಮಾತಾಡಿದರೋ ಕೇಳಿಸಲಿಲ್ಲ. ಸಂಜೆಯ ಬಸ್ಸಿಗೆ ಅಮ್ಮನೇ ಅವಳನ್ನು ಬಿಟ್ಟುಬಂದಳು.

ನಾನು ಜುಲೈಯಲ್ಲಿ ಬರೆದದ್ದರಲ್ಲಿ ಒಂದನ್ನು ವಾಪಸು ತೆಗೆದುಕೊಳ್ಳುತ್ತೇನೆ. ನಿಮಗೆ ಗೊತ್ತಿರಲಿಲ್ಲ ಅನ್ನುವುದನ್ನು ಈಗ ನಂಬುತ್ತೇನೆ. ಉಳಿದದ್ದು ಹಾಗೇ ಇದೆ.

ಈ ಪತ್ರ ಬರೆಯುತ್ತಿರುವುದು ಅಮ್ಮ ಹೇಳಿದಳು ಅಂತ. ನಿನ್ನೆ ಅವಳಿಗೆ ನಿಮ್ಮ ಪತ್ರಗಳನ್ನೆಲ್ಲ ಓದಿ ಹೇಳಿದೆ. ಬೈಯುತ್ತಾಳೆ ಅಂತ ಕಾದೆ. ಅವಳು ಕೇಳಿದ್ದು ಇಷ್ಟೇ: “ಆ ಮಗು ಉಳೀತಾ?”

ನಾಲ್ಕು ತಿಂಗಳಲ್ಲಿ ನನಗೆ ಆ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಕೇಳಿ ಬರಿ ಅಂದಿದ್ದಾಳೆ. ಕೇಳಿದ್ದೇನೆ.

ಹಲ್ಲಿನವಳು

ಸೆಪ್ಟೆಂಬರ್ 6

ಹಲ್ಲಿನವಳಿಗೆ, ನಿಮ್ಮ ಅಮ್ಮನವರಿಗೆ,

ಉಳಿಯಿತು. ಈಗ ಅವಳಿಗೆ ಮೂವತ್ತೆರಡು. ನಗರದ ಬಸ್ಸು ಓಡಿಸುತ್ತಾಳೆ, ಹನ್ನೆರಡನೇ ನಂಬರಿನದು. ಅವಳಿಗೆ ಆ ಜ್ವರ ಬಂದಿತ್ತು ಅನ್ನುವುದೂ ಗೊತ್ತಿರಲಿಲ್ಲ. ಜೂನ್‌ನಲ್ಲಿ ಎಲ್ಲ ಹೇಳಿದೆ. ಅಪ್ಪ ಅಂದರೆ ಅವಳಿಗೆ ಪ್ರಾಣ. ಅಂದಿನಿಂದ ಅವರ ಫೋಟೋ ಇರುವ ಕೋಣೆಗೆ ಕಾಲಿಟ್ಟಿಲ್ಲ. ಮೂರು ದಿನ ಕೆಲಸಕ್ಕೂ ಹೋಗಲಿಲ್ಲ. “ಬಸ್ಸಲ್ಲಿ ಜನ ಕೂತಿರ್ತಾರಮ್ಮ, ಎಣಿಸೋಕೆ ಶುರು ಮಾಡ್ತೀನಿ. ಏಳಕ್ಕೆ ನಿಂತುಬಿಡುತ್ತೆ” ಅಂದಳು.

ನಿಮ್ಮ ಪತ್ರ ಅವಳೇ ಒಡೆದು ಓದಿದಳು. ಓದಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಕೊನೆಗೆ “ನಾನು ಹೋಗಿ ಅವರ ಮುಂದೆ ನಿಲ್ಬೇಕು” ಅಂದಳು. ಬೇಡ ಅನ್ನಲು ನನಗೆ ಬಾಯಿಲ್ಲ, ಹೋಗು ಅನ್ನಲು ಧೈರ್ಯವಿಲ್ಲ. ನೀವು ಬೇಡವೆಂದರೆ ಅದೇ ಸರಿ ಅಂತ ಒಪ್ಪಿದ್ದಾಳೆ.

ಅವಳನ್ನು ಕಳಿಸಲೇ?

ಗೋಂದಕ್ಕ

ಸೆಪ್ಟೆಂಬರ್ 15

ಗೋಂದಕ್ಕನವರಿಗೆ,

ಅಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ. “ಬರ್ಲಿ. ಆದ್ರೆ ಕ್ಷಮೆ ಗಿಮೆ ಅಂತ ಬರೋದು ಬೇಡ ಅನ್ನು. ವರ್ಷದ ಕೂಸು, ಅದೇನು ಮಾಡಿತ್ತು? ನಾನು ಅದರ ಮುಖ ನೋಡ್ಬೇಕು, ಅಷ್ಟೇ.”

ಭಾನುವಾರ ಬರಲಿ. ಹನ್ನೊಂದು ಗಂಟೆಗೆ. ಕೆಳಗೆ ಔಷಧಿ ಅಂಗಡಿ ಇದೆ, ಅದರ ಪಕ್ಕದ ಮೆಟ್ಟಿಲು.

ನಾನು ಅಂದು ಮನೆಯಲ್ಲಿ ಇರುತ್ತೇನೋ ಇಲ್ಲವೋ ಇನ್ನೂ ನನಗೇ ಗೊತ್ತಿಲ್ಲ. ಬಾಗಿಲು ಅಮ್ಮ ತೆಗೆಯುತ್ತಾಳೆ.

ಹಲ್ಲಿನವಳು